ಸೀದಾ ಹೋಗೋ ಗಾಡಿಗೆ ಸಸ್ಪೆನ್ಶನ್ ಯಾಕೆ ಅಂತೆ!

ನಮಸ್ಕಾರ ಗುರುಗಳೇ. ನಿಂತಲ್ಲಿಂದ ಸೀದಾ ಓಡೋ ಡ್ರ್ಯಾಗ್ ರೇಸಿಗೆ ಟೂ-ಸ್ಟ್ರೋಕ್ ಬೈಕ್ ರೆಡಿ ಮಾಡೋ ಚಾನೆಲ್ ಇದು. ಇವತ್ತು ರೀಡ್ ವಾಲ್ವ್ (ಇಂಜಿನ್ ಒಳಗೆ ಹೋದ ಮಿಕ್ಸ್ಚರ್ ವಾಪಸ್ ಬರದಂಗೆ ತಡೆಯೋ ಪಟ್ಟಿ) ಬಗ್ಗೆ ಮಾತಾಡ್ಬೇಕಿತ್ತು, ಸ್ಕ್ರಿಪ್ಟ್ ಕೂಡ ರೆಡಿ ಇತ್ತು. ಪಕ್ಕಕ್ಕಿಟ್ಟಿದೀನಿ. ಕಾರಣ ಒಂದು ಕಮೆಂಟು. ಓದ್ತೀನಿ ಕೇಳಿ: "ಬ್ರೋ, ಡ್ರ್ಯಾಗ್ ಅಂದ್ರೆ ಸೀದಾ ಹೋಗೋದು ತಾನೆ? ತಿರುವಿಲ್ಲ, ಹಂಪ್ ಇಲ್ಲ. ಸಸ್ಪೆನ್ಶನ್‌ಗೆ ಯಾಕೆ ದುಡ್ಡು ಸುರೀಬೇಕು? ಆ ದುಡ್ಡಲ್ಲಿ ಇನ್ನೊಂದು ಚೇಂಬರ್ ಮಾಡಿಸ್ಬಹುದು." ಪಕ್ಕದಲ್ಲಿ ನಗೋ ಇಮೋಜಿ ಬೇರೆ. ಅದಕ್ಕೆ ಬಿದ್ದಿರೋ ಲೈಕು ನಮ್ಮ ವಿಡಿಯೋಗೇ ಬಿದ್ದಿಲ್ಲ!

ಮಾಡಿಸಿ ಸ್ವಾಮಿ, ಇನ್ನೊಂದು ಚೇಂಬರ್ ಮಾಡಿಸಿ, ಅದೇ ಸೈಲೆನ್ಸರ್ ಜಾಗದಲ್ಲಿ ಕೂರೋ ಹೊಟ್ಟೆ ಉಬ್ಬಿದ ಪೈಪು. ಗೋಡೆಗೆ ನೇತುಹಾಕಿ, ಆಯುಧ ಪೂಜೆಗೆ ಕುಂಕುಮ ಇಡಿ. ಆದ್ರೆ ಒಂದು ಮಾತು ಬರ್ಕೊಳ್ಳಿ: 402 ಮೀಟರ್ ರೇಸು ಮೊದಲ 60 ಅಡಿಯಲ್ಲೇ ತೀರ್ಮಾನ ಆಗುತ್ತೆ. 60 ಅಡಿ ಅಂದ್ರೆ 18.3 ಮೀಟರು. ಉಳಿದಿದ್ದು ಬರೀ ಸದ್ದು.

ಲೆಕ್ಕ ಬೇಕಾ? ತಗೊಳ್ಳಿ. ಒಂದು ಗಾಡಿ ಆ 18.3 ಮೀಟರನ್ನ ಸರಾಸರಿ 0.5 ಜಿ ಪಿಕಪ್‌ನಲ್ಲಿ (1 ಜಿ ಅಂದ್ರೆ ಕೈಬಿಟ್ಟ ಕಲ್ಲು ವೇಗ ಏರಿಸೋ ಪ್ರಮಾಣ) ದಾಟುತ್ತೆ ಅಂದ್ಕೊಳ್ಳಿ, ಸುಮಾರು 2.7 ಸೆಕೆಂಡು. ಇನ್ನೊಂದು 0.6 ಜಿಯಲ್ಲಿ ದಾಟಿದ್ರೆ 2.5. ಬರೀ 0.2 ಅಂತ ನಗ್ಬೇಡಿ. ಕೊನೇಲಿ ಗಂಟೆಗೆ 130 ಕಿಮೀ ಓಡ್ತಿರೋ ಗಾಡಿಗೆ 0.2 ಸೆಕೆಂಡು ಅಂದ್ರೆ 7 ಮೀಟರು. ಮೂರೂವರೆ ಯಮಹಾ ಆರ್‌ಎಕ್ಸ್ ಬೈಕು ಸಾಲಾಗಿ ನಿಲ್ಲಿಸಿದಷ್ಟು ಉದ್ದ! ಅದನ್ನ ಟಾಪ್ ಎಂಡ್‌ನಲ್ಲಿ, ಅಂದ್ರೆ ಕೊನೇ ಸ್ಪೀಡಲ್ಲಿ, ವಾಪಸ್ ಪಡೀಬೇಕು ಅಂದ್ರೆ ಎಷ್ಟು ಎಚ್‌ಪಿ ಬೇಕು? ಸಿಲಿಂಡರಿನ ಕಿಂಡಿ ಕೊರೆಯೋ ನಿಮ್ಮ ಪೋರ್ಟಿಂಗ್ ಅಣ್ಣನ್ನ ಕೇಳಿ. ಅವರು ಮಾತು ಬದಲಾಯಿಸ್ತಾರೆ.

ಇಂಜಿನ್ ಬೇಡ ಅಂತ ನಾನು ಹೇಳ್ತಿಲ್ಲ. ಆರ್‌ಎಕ್ಸ್ 135 ತಗೊಳ್ಳಿ. ಬೋರ್ (ಸಿಲಿಂಡರಿನ ಅಗಲ) 58 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡಾಟ) 50 ಮಿಮೀ, 132 ಸಿಸಿ. ಎಕ್ಸಾಸ್ಟ್ ಪೋರ್ಟನ್ನ (ಹೊಗೆ ಹೋಗೋ ಕಿಂಡಿ) 1 ಮಿಮೀ ಮೇಲೆತ್ತಿದ್ರೆ ಡ್ಯುರೇಶನ್, ಅಂದ್ರೆ ಕ್ರ್ಯಾಂಕ್ ಎಷ್ಟು ಡಿಗ್ರಿ ತಿರುಗೋವರೆಗೆ ಅದು ತೆರೆದಿರುತ್ತೆ ಅನ್ನೋದು, ಹೆಚ್ಚು ಕಮ್ಮಿ ನಾಲ್ಕೂವರೆ ಡಿಗ್ರಿ ಏರುತ್ತೆ. ಎಕ್ಸಾಸ್ಟ್ 190, ಟ್ರಾನ್ಸ್‌ಫರ್ (ಹೊಸ ಮಿಕ್ಸ್ಚರ್ ಒಳಗೆ ಬರೋ ಕಿಂಡಿ) 128 ಇಟ್ರೆ ಬ್ಲೋಡೌನ್, ಅಂದ್ರೆ ಎಕ್ಸಾಸ್ಟ್ ತೆರೆದು ಟ್ರಾನ್ಸ್‌ಫರ್ ತೆರೆಯೋವರೆಗಿನ ಅಂತರ, 31 ಡಿಗ್ರಿ ಸಿಗುತ್ತೆ, ಒಳ್ಳೇ ಡ್ರ್ಯಾಗ್ ಲೆಕ್ಕ. ಅಗಲ ಮಾಡ್ತೀರಾ? ಬೋರಿನ ಶೇ 70 ದಾಟ್ಬೇಡಿ, ಅಂದ್ರೆ 40 ಮಿಮೀ ಆಸುಪಾಸು. ದಾಟಿದ್ರೆ ರಿಂಗು ಕಿಟಕಿಯಿಂದ ತಲೆ ಹೊರಗೆ ಹಾಕುತ್ತೆ, ಅಲ್ಲೇ ಮುರಿಯುತ್ತೆ. ಪೋರ್ಟಿನ ಅಂಚು ಸವರೋದು ಮರೀಬೇಡಿ. ಕೆಳಗೆ 1 ಮಿಮೀ ಪ್ಯಾಕರ್ ಇಟ್ಟು ಬ್ಯಾರಲ್ (ಸಿಲಿಂಡರ್) ಎತ್ತಿದ್ರೆ ಸ್ಕ್ವಿಶ್, ಅಂದ್ರೆ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಹೆಡ್ಡಿಗಿರೋ ಸಂದು, ಅದೂ 1 ಮಿಮೀ ತೆರ್ಕೊಳ್ಳುತ್ತೆ, ಲೇತ್‌ಗೆ ಕೊಟ್ಟು ಮೇಲೆ ಅಷ್ಟೇ ಕಟ್ ಮಾಡಿಸ್ಬೇಕು. ಸ್ಕ್ವಿಶ್ 0.8ರಿಂದ 1 ಮಿಮೀ ಒಳಗಿರಲಿ. ಅಳೆಯೋದು ಪಿಸ್ಟನ್ ಜಜ್ಜಿದ ಸೋಲ್ಡರ್ ತಂತಿಯಲ್ಲಿ, ಗಜಂ ಪಿನ್ (ಪಿಸ್ಟನ್ನನ್ನ ಕನೆಕ್ಟಿಂಗ್ ರಾಡಿಗೆ ಹಿಡಿಯೋ ಪಿನ್ನು) ಇರೋ ದಿಕ್ಕಲ್ಲಿ ಎರಡೂ ಕಡೆ. ಅಡ್ಡ ದಿಕ್ಕಲ್ಲಿ ಅಳೆದ್ರೆ ಪಿಸ್ಟನ್ ವಾಲಿ ಸುಳ್ಳು ಹೇಳುತ್ತೆ.

ಇನ್ನೂ ಒಂದಿದೆ, ಇದನ್ನ ಯಾರೂ ಮಾಡಲ್ಲ: ಲೀಕ್ ಟೆಸ್ಟ್. ಇನ್ಲೆಟ್, ಎಕ್ಸಾಸ್ಟ್ ಎರಡೂ ಮುಚ್ಚಿ 6 ಪಿಎಸ್‌ಐ ಗಾಳಿ ತುಂಬಿ. ನಿಮಿಷಕ್ಕೆ 1 ಪಿಎಸ್‌ಐಗಿಂತ ಜಾಸ್ತಿ ಇಳಿದ್ರೆ ಸೋಪು ನೀರು ಹಾಕಿ ಹುಡುಕಿ. ಬಹಳ ಸಲ ಮ್ಯಾಗ್ನೆಟ್ ಕಡೆ ಕ್ರ್ಯಾಂಕ್ ಸೀಲೇ ಕಳ್ಳ. ಅಲ್ಲಿಂದ ಗಾಳಿ ಎಳ್ಕೊಂಡು ಮಿಕ್ಸ್ಚರ್ ಲೀನ್ ಆಗುತ್ತೆ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ), ಗಾಡಿ ಸೀಝ್ ಆಗುತ್ತೆ, ಬೈಗುಳ ಮಾತ್ರ ಕಾರ್ಬೊರೇಟರ್‌ಗೆ! ಪೆಟ್ರೋಲಿಗೆ ಆಯಿಲ್ ಜಾಸ್ತಿ ಹಾಕಿದ್ರೆ ಸೇಫ್ ಅನ್ನೋರಿಗೂ ಒಂದು ಮಾತು: ಕಾರ್ಬೊರೇಟರಿನ ಅದೇ ಜೆಟ್‌ನಲ್ಲಿ (ಪೆಟ್ರೋಲ್ ಹೋಗೋ ತೂತು) ಆಯಿಲ್ ಹೆಚ್ಚಾದ್ರೆ ಹೋಗೋ ಪೆಟ್ರೋಲ್ ಕಮ್ಮಿಯಾಗುತ್ತೆ. ಅದೂ ಲೀನೇ.

ಈಗ ನಿಮ್ಮ ಪ್ರೀತಿಯ ಚೇಂಬರ್. ಪಿಸ್ಟನ್ ಮುಖದಿಂದ, ಚೇಂಬರಿನ ಹಿಂದಿನ ಕೋನ್ ಹೊಗೆಯ ಒತ್ತಡದ ಅಲೆಯನ್ನ ವಾಪಸ್ ತಳ್ಳೋ ಜಾಗದವರೆಗಿನ ಉದ್ದ ಸರಳ ಗುಣಾಕಾರ: ಎಕ್ಸಾಸ್ಟ್ ಡ್ಯುರೇಶನ್ ಇಂಟು 43,180, ಅದನ್ನ ಆರ್‌ಪಿಎಂನಿಂದ ಭಾಗಿಸಿ, ಮಿಮೀ ಬರುತ್ತೆ. 190 ಡಿಗ್ರಿಗೆ, 9,000ಕ್ಕೆ 911 ಮಿಮೀ. 11,000ಕ್ಕೆ 746. ನಮ್ಮ ಹುಡುಗರು ಕಣ್ಣುಮುಚ್ಚಿ 746 ಮಾಡಿಸ್ತಾರೆ, ಸದ್ದು ಚೆನ್ನಾಗಿದೆ ಅಂತ. ಕಮ್ಮಿ ಆರ್‌ಪಿಎಂನಲ್ಲಿ ಉಸಿರೇ ಇಲ್ಲ, ಮೇಲಿನ ಆರ್‌ಪಿಎಂನಲ್ಲಿ ಇದ್ದಕ್ಕಿದ್ದಂಗೆ ಒದೆಯುತ್ತೆ. ಅಂಥ ಗಾಡಿಯನ್ನ ಲೈನಿಂದ ಬಿಟ್ರೆ ಎರಡೇ ಗತಿ: ಇಲ್ಲಾ ಮುಕ್ಕಿ ನಿಲ್ಲುತ್ತೆ, ಇಲ್ಲಾ ಮುಂದಿನ ಚಕ್ರ ಆಕಾಶ ನೋಡುತ್ತೆ. ಎರಡರಲ್ಲೂ ಮೊದಲ 60 ಅಡಿ ಢಮಾರ್. ಅಂದ್ರೆ ನೀವು ಇಂಜಿನ್‌ಗೆ ದುಡ್ಡು ಹಾಕಿದಷ್ಟೂ ಸಸ್ಪೆನ್ಶನ್ ಕೆಲಸ ಜಾಸ್ತಿಯಾಗುತ್ತೆ, ಕಮ್ಮಿ ಆಗಲ್ಲ. ಅರ್ಥ ಆಯ್ತಾ ಇಮೋಜಿ ಅಣ್ಣಾ?

ಒಂದು ನಿಮಿಷ. ಸಬ್‌ಸ್ಕ್ರೈಬ್ ಮಾಡಿಲ್ದೆ ಇಲ್ಲಿವರೆಗೆ ಬಂದಿದೀರಲ್ಲ, ಸೋಲ್ಡರ್ ತಂತಿ ಟ್ರಿಕ್ ಪುಕ್ಕಟೆ ತಗೊಂಡ್ರಿ. ಬಟನ್ ಒತ್ತಿ ಮುಂದೆ ಬನ್ನಿ.

ಹಾಂ. ಮುಂದಿನ ಚಕ್ರ ಯಾಕೆ ಏಳುತ್ತೆ? ಗಾಡಿ ಮತ್ತೆ ರೈಡರ್ ಸೇರಿ ತೂಕದ ಕೇಂದ್ರ ನೆಲದಿಂದ 700 ಮಿಮೀ ಎತ್ತರ, ಹಿಂದಿನ ಆಕ್ಸಲ್‌ನಿಂದ 560 ಮಿಮೀ ಮುಂದೆ ಇದೆ ಅಂದ್ಕೊಳ್ಳಿ. 560 ಭಾಗಿಸು 700, 0.8 ಜಿ. ಕ್ಲಚ್ ಕಚ್ಚಿದ ಕ್ಷಣ ಅದನ್ನ ದಾಟಿದ್ರೆ ಚಕ್ರ ಎದ್ದೇ ಏಳುತ್ತೆ. ಎದ್ರೆ ರೈಡರ್ ಆಕ್ಸಿಲರೇಟರ್ ಬಿಡ್ತಾನೆ. ನಿಮ್ಮ 20 ಎಚ್‌ಪಿ ಆಗ ಎಲ್ಲಿರುತ್ತೆ? ಎಚ್‌ಪಿ ಅಳೆಯೋ ಡೈನೋ ಮಷೀನಿನ ಪ್ರಿಂಟೌಟ್‌ನಲ್ಲಿ! ಹಿಂದಿನ ಚಕ್ರ ಹಿಡಿಯೋ ಸ್ವಿಂಗ್ ಆರ್ಮ್ 125 ಮಿಮೀ ಉದ್ದ ಮಾಡಿದ್ರೆ ಅದೇ ಮಿತಿ 0.95 ಜಿ ದಾಟುತ್ತೆ.

ಇಲ್ಲೇ ಎಲ್ಲರೂ ಬೀಳೋದು. ಆರ್ಮ್ ಉದ್ದ ಮಾಡಿಸ್ತಾರೆ, ಶಾಕಪ್ (ಶಾಕ್ ಅಬ್ಸಾರ್ಬರ್) ಹಳೇದೇ, ಅದರ ಬೋಲ್ಟ್ ಹಳೇ ಜಾಗದಲ್ಲೇ. ಆರ್ಮ್ 400 ಇದ್ದಿದ್ದು 525 ಆಯ್ತು ಅಂದ್ಕೊಳ್ಳಿ. ಸನ್ನೆಕೋಲು ಉದ್ದವಾಯ್ತು, ಹಾಗಾಗಿ ಚಕ್ರಕ್ಕೆ ಸಿಗೋ ಸ್ಪ್ರಿಂಗಿನ ಬಿಗಿ ಆ ಅನುಪಾತದ ವರ್ಗದಷ್ಟು ಇಳಿಯುತ್ತೆ: 400 ಭಾಗಿಸು 525, ಅದರ ವರ್ಗ 0.58. ನಿಮ್ಮ ಸ್ಪ್ರಿಂಗ್ ಈಗ ಶೇ 58 ಮಾತ್ರ! ಕ್ಲಚ್ ಬಿಟ್ಟ ತಕ್ಷಣ ಹಿಂದೆ ಕೂತ್ಕೊಳ್ಳುತ್ತೆ, ಮುಂದೆ ಮೂತಿ ಎತ್ತುತ್ತೆ, ಆಮೇಲೆ ಹಿಂದಿನ ಸ್ಪ್ರಿಂಗ್ ವಾಪಸ್ ಒದ್ದು ಟೈರನ್ನ ಕುಣಿಸುತ್ತೆ. ಬಿಗಿ ಸ್ಪ್ರಿಂಗ್ ಹಾಕಿ. ರೈಡರ್ ಕೂತಾಗ 15-20 ಮಿಮೀ ಇಳಿದ್ರೆ ಸಾಕು. ವಾಪಸ್ ಬರೋದು ನಿಧಾನ ಆಗ್ಬೇಕು, ಅದಕ್ಕೆ ಡ್ಯಾಂಪರ್ ಆಯಿಲ್ ದಪ್ಪದ್ದು.

ಮುಂದೆ? ಫೋರ್ಕನ್ನ ಟೀ (ಹ್ಯಾಂಡಲ್ ಕೆಳಗೆ ಫೋರ್ಕ್ ಹಿಡಿಯೋ ಕ್ಲ್ಯಾಂಪ್) ಒಳಗೆ 25-30 ಮಿಮೀ ಮೇಲೆ ಸರಿಸಿ, ಆಯಿಲ್ ದಪ್ಪದ್ದು ಹಾಕಿ, ಸ್ಟ್ರಾಪ್ ಕಟ್ಟಿ ಸ್ವಲ್ಪ ಅದುಮಿಡಿ. ಆದ್ರೆ ಸ್ಪ್ರಿಂಗ್ ಇಲ್ದೆ ಫೋರ್ಕನ್ನ ಪೂರ್ತಿ ಕೆಳಗೆ ಕೂರಿಸಿ ಒಮ್ಮೆ ನೋಡಿ: ಟೈರು ಚೇಂಬರಿನ ಬಾಗಿಗೆ ತಾಗ್ತಿದ್ಯಾ? ಆರ್‌ಎಕ್ಸ್‌ನಲ್ಲಿ ಆ ಪೈಪು ಚಕ್ರದ ಹಿಂದೇನೇ ಇಳಿಯುತ್ತೆ. ಫಿನಿಶ್ ದಾಟಿ ಬ್ರೇಕ್ ಹಿಡಿದಾಗ ತಾಗಿದ್ರೆ ಮಾತಾಡೋಕೆ ನೀವಿರಲ್ಲ.

ಇನ್ನು "ಸೀದಾ ಹೋಗೋದು ತಾನೆ" ಅಂದ್ರಲ್ಲ. ಸ್ವಿಂಗ್ ಆರ್ಮ್ ಬುಶ್ ಸವೆದಿದ್ರೆ ಗಾಡಿ ಸೀದಾನೂ ಹೋಗಲ್ಲ! ಚೈನು ಎಡಗಡೆ ಇದೆ. ಜೋರಾಗಿ ಎಳೆದಾಗ ಆಕ್ಸಲಿನ ಎಡತುದಿ ಮುಂದೆ ಬರುತ್ತೆ, ಚಕ್ರ ಓರೆಯಾಗುತ್ತೆ. ಬುಶ್ ಒಂದು, ದಾರ ಕಟ್ಟಿ ಅಲೈನ್‌ಮೆಂಟ್ ಒಂದು, ಅರ್ಧ ದಿನದ ಕೆಲಸ. ಟೈರಿನ ಗಾಳಿ 20 ಪಿಎಸ್‌ಐ ಹತ್ತಿರದಿಂದ ಶುರು ಮಾಡಿ, ಒಂದೊಂದೇ ಇಳಿಸಿ. ಟ್ಯೂಬ್ ಟೈರಲ್ಲಿ ಜಾಸ್ತಿ ಇಳಿಸಿದ್ರೆ ಟೈರು ರಿಮ್ಮಿನ ಮೇಲೆ ಜಾರಿ ವಾಲ್ವನ್ನೇ ಕಿತ್ತುಹಾಕುತ್ತೆ, ರಿಮ್ ಲಾಕ್ ಹಾಕಿ.

ಈಗ ಇನ್ನೊಬ್ಬ ಪಂಡಿತರು: "ಟಾಪ್ ಫ್ಯುಯೆಲ್ ಡ್ರ್ಯಾಗ್‌ಸ್ಟರ್‌ಗೆ ಹಿಂದೆ ಸಸ್ಪೆನ್ಶನ್ನೇ ಇಲ್ಲ, ಗೊತ್ತಾ?" ಗೊತ್ತು ಸ್ವಾಮಿ, ಡ್ರ್ಯಾಗ್ ರೇಸಿನ ಅತಿ ವೇಗದ ಕಾರು ಅದು. ಅದರ ವ್ಹೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ಅಂತರ) 7.6 ಮೀಟರು. ಆ ಉದ್ದದ ಪೈಪಿನ ಚಾಸಿಯೇ ಬಾಗುತ್ತೆ, ಟೈರಿನ ಗೋಡೆ ಸುಕ್ಕುಗಟ್ಟುತ್ತೆ, ಅದೇ ಅದರ ಸಸ್ಪೆನ್ಶನ್ನು. ಟ್ರ್ಯಾಕಿಗೆ ಅಂಟು ಬೇರೆ ಸಿಂಪಡಿಸ್ತಾರೆ. ನೀವು ಶಾಕಪ್ ಕಿತ್ತು ಕಬ್ಬಿಣದ ಪಟ್ಟಿ ಹಾಕಿ ಮಹಾರಾಷ್ಟ್ರದ ಆಂಬಿ ವ್ಯಾಲಿ ಏರ್‌ಸ್ಟ್ರಿಪ್‌ಗೆ ಡ್ರ್ಯಾಗ್ ಓಡಿಸೋಕೆ ಹೋಗ್ತೀರಿ. ಸಣ್ಣ ಉಬ್ಬು ಸಿಕ್ಕಿದ್ರೂ ಟೈರು ಗಾಳಿಗೆ ಹಾರುತ್ತೆ, ಆರ್‌ಪಿಎಂ ಚಿಮ್ಮುತ್ತೆ, ಟೈರು ಮತ್ತೆ ನೆಲಕ್ಕೆ ಬಿದ್ದಾಗ ಚೈನು ಹೋಗುತ್ತೆ. ಮೊದಲ 60 ಅಡಿ? ತಳ್ಕೊಂಡು ದಾಟ್ತೀರಿ!

"ರೈಡರ್ ತೂಕ ಕಮ್ಮಿ ಇದ್ರೆ ಸಾಕು." ಸಾಕಾಗಲ್ಲ. 50 ಕೆಜಿ ಹುಡುಗನ್ನ ಕೂರಿಸಿ, ಚಕ್ರ ಎದ್ರೆ ಅವನೂ ಆಕ್ಸಿಲರೇಟರ್ ಬಿಡ್ತಾನೆ. "ಬರ್ನ್‌ಔಟ್ ಮಾಡಿ ಟೈರ್ ಬಿಸಿ ಮಾಡಿದ್ರೆ ಸಾಕು." ಸಾಕಾಗಲ್ಲ. "ಕ್ಲಚ್ ಸ್ಪ್ರಿಂಗ್ ಬಿಗಿ ಹಾಕಿದ್ರೆ ಸಾಕು." ಸಾಕಾಗಲ್ಲಾ ರೀ! ಯಾಕೆ ಅಂದ್ರೆ ಸಾಕಾಗಲ್ಲ. ಮೊದಲ 60 ಅಡಿ, ಮೊದಲ 60 ಅಡಿ, ಮೊದಲ 60 ಅಡಿ. ಟೀ ಶರ್ಟ್ ಮೇಲೇ ಪ್ರಿಂಟ್ ಹಾಕಿಸಿದೀನಿ, ಲಿಂಕ್ ಕೆಳಗಿದೆ. ಕಪ್ಪು ಬಣ್ಣದ್ದು ಎಕ್ಸೆಲ್ ಖಾಲಿ, ಮೀಡಿಯಂ ರಾಶಿ ಇದೆ, ದಯವಿಟ್ಟು ಸಣ್ಣ ಆಗಿ.

ರಿಂಗ್ ರೋಡಲ್ಲಿ ಟೆಸ್ಟ್ ಮಾಡ್ತೀನಿ ಅನ್ನೋರು ಈ ಚಾನೆಲ್ ನೋಡ್ಬೇಡಿ, ಅಷ್ಟೇ. ಟ್ರ್ಯಾಕ್ ಡೇ ಇದ್ದಾಗ ಹೋಗಿ. ಇಂಜಿನ್ ಮುಟ್ಟದೆ ಟೈರ್ ಪ್ರೆಶರ್, ಪ್ರೀಲೋಡ್ (ಸ್ಪ್ರಿಂಗನ್ನ ಮೊದಲೇ ಅದುಮಿಟ್ಟಿರೋ ಪ್ರಮಾಣ), ಲಾಂಚ್ ಆರ್‌ಪಿಎಂ ಒಂದೊಂದಾಗಿ ಬದಲಾಯಿಸಿ, ಪ್ರತಿ ಓಟದ್ದೂ ಬರೆದಿಡಿ. ಎರಡು ಒಟ್ಟಿಗೆ ಬದಲಾಯಿಸ್ಬೇಡಿ, ಯಾವುದು ಕೆಲಸ ಮಾಡ್ತು ಅಂತ ದೇವರಿಗೂ ಗೊತ್ತಾಗಲ್ಲ.

ರೀಡ್ ವಾಲ್ವ್ ಮುಂದಿನ ವಾರ. ಸುಜುಕಿ ಶೋಗನ್ ಬೈಕ್ ಬಳಗದವರೇ, ಅದರಲ್ಲಿ ನಿಮಗೂ ಇದೆ ಮಂಗಳಾರತಿ, ಬೆಲ್ ಒತ್ತಿ ಕಾಯ್ತಾ ಇರಿ.