ಚಾವಣಿಯಲ್ಲಿ ದೀಪವಿಲ್ಲದ ಪಿಕಪ್ ಮನೆ

ತೆರೆಯ ಮೇಲೆ ಈಗ ಕಾಣುತ್ತಿರುವುದು ನಮ್ಮ ಹಳೆಯ ಬೊಲೆರೊ ಪಿಕಪ್. ಸುಗ್ಗಿಯಲ್ಲಿ ಮೆಕ್ಕೆಜೋಳದ ಚೀಲ ಹೊತ್ತು ದಾವಣಗೆರೆಯ ಮಾರುಕಟ್ಟೆಗೆ ಓಡಾಡಿದ ಗಾಡಿ. ಅದರ ಹಿಂಭಾಗದಲ್ಲಿ ಕೂತಿರುವ ಬಿಳಿ ಪೆಟ್ಟಿಗೆಯೇ ನಮ್ಮ ಮಲಗುವ ಕೋಣೆ, ಅಡುಗೆಮನೆ, ಉಗ್ರಾಣ ಎಲ್ಲವೂ. ಚೌಕಟ್ಟು, ಪ್ಲೈವುಡ್, ಬಾಗಿಲುಗಳ ಕೆಲಸವನ್ನು ಹಿಂದಿನ ಕಂತುಗಳಲ್ಲಿ ತೋರಿಸಿದ್ದೇನೆ. ಇವತ್ತು ಬೆಳಕಿನ ಮಾತು ಮಾತ್ರ. ಮೊದಲೇ ಹೇಳಿಬಿಡುತ್ತೇನೆ: ಇದರ ಚಾವಣಿಯಲ್ಲಿ ಒಂದೇ ಒಂದು ದೀಪವಿಲ್ಲ, ಮುಂದೆಯೂ ಇರುವುದಿಲ್ಲ.

ಒಳಗೆ ನಿಲ್ಲಲು ಆಗುವುದಿಲ್ಲ, ನೋಡಿ. ಹಾಸಿಗೆಯ ಮೇಲೆ ಕೂತರೆ ತಲೆಗೂ ಚಾವಣಿಗೂ ನಡುವೆ ಒಂದು ಗೇಣು ಜಾಗ. ಅಲ್ಲಿ ದೀಪ ಹಾಕಿದರೆ ಕೂತಾಗ ನೆತ್ತಿಯ ಮೇಲೆ ಉರಿಯುತ್ತದೆ, ಮಲಗಿದಾಗ ನೇರ ಕಣ್ಣಿಗೆ ಹೊಡೆಯುತ್ತದೆ. ದೀಪದ ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು ಬೀಳುತ್ತದೆ ಎಂದು ಹೈಸ್ಕೂಲಿನಲ್ಲಿ ಓದಿದ್ದೇವೆ. ಉದ್ದನೆಯ ಪಟ್ಟಿ ದೀಪಕ್ಕೆ ಆ ಲೆಕ್ಕ ಸ್ವಲ್ಪ ಬದಲಾಗುತ್ತದೆ, ಆದರೆ ಕಣ್ಣು ಕುಕ್ಕುವುದು ಬದಲಾಗುವುದಿಲ್ಲ. ಇನ್ನೊಂದು ತೊಂದರೆ ನೆರಳಿನದು. ಅಡುಗೆ ಹಲಗೆಯ ಮುಂದೆ ಮಂಡಿಯೂರಿ ಕೂತವನ ತಲೆಯ ಹಿಂದೆ ದೀಪವಿದ್ದರೆ, ಈರುಳ್ಳಿ ಹೆಚ್ಚುವ ಜಾಗದಲ್ಲೇ ಅವನ ನೆರಳು ಬೀಳುತ್ತದೆ. ಬೆಳಕು ಎಲ್ಲ ಕಡೆ ಇದ್ದು, ಬೇಕಾದ ಕಡೆ ಮಾತ್ರ ಇರುವುದಿಲ್ಲ.

ಇದನ್ನು ಪಿ.ಬಿ. ರಸ್ತೆಯ ಪಕ್ಕದ ನಮ್ಮ ಆಟೋ ಎಲೆಕ್ಟ್ರೀಷಿಯನ್‌ಗೆ ಒಪ್ಪಿಸುವುದು ಸುಲಭವಾಗಿರಲಿಲ್ಲ. ಅವರು ಲಾರಿಗಳ ವೈರಿಂಗ್ ಮಾಡುತ್ತಲೇ ತಲೆ ನರೆಸಿಕೊಂಡವರು. ಪುಣೆ, ಬೆಂಗಳೂರು ಅಂತ ರಾತ್ರಿಯಿಡೀ ಓಡುವ ಚಾಲಕರಿಗೆ ಕ್ಯಾಬಿನ್ ಒಳಗೆ ದೇವರ ಪಟದ ಸುತ್ತ ನೀಲಿ, ಹಸಿರು, ಕೆಂಪು ಮಾಲೆ ಕಟ್ಟಿಕೊಟ್ಟ ಕೈ ಅದು. ನನ್ನ ನಕ್ಷೆ ನೋಡಿ, "ಇಷ್ಟು ದುಡ್ಡು ಖರ್ಚು ಮಾಡಿ ಕತ್ತಲೆ ಮಾಡಿಕೊಳ್ಳುತ್ತೀರಾ?" ಎಂದರು. ನಡುವೆ ಒಂದು ನೀಲಿ ದೀಪವಾದರೂ ಇರಲಿ ಎಂಬ ಅವರ ಆಸೆಯನ್ನು ನಾನು ಕೊನೆಯವರೆಗೂ ಈಡೇರಿಸಲಿಲ್ಲ. ಆದರೆ ವೈರಿಂಗ್ ವಿಷಯದಲ್ಲಿ ಅವರು ಹೇಳಿದ್ದೇ ನಡೆಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಹಾಗಾದರೆ ದೀಪಗಳು ಎಲ್ಲಿವೆ? ಕ್ಯಾಮೆರಾ ಈಗ ಎಡಕ್ಕೆ ತಿರುಗುತ್ತದೆ. ಡಬ್ಬಿ ಜೋಡಿಸುವ ಶೆಲ್ಫ್‌ನ ಕೆಳ ಅಂಚಿನಲ್ಲಿ, ಹಲಗೆಯತ್ತ ಮುಖ ಮಾಡಿಕೊಂಡು ಒಂದು ಮೀಟರ್ ಉದ್ದದ ಎಲ್‌ಇಡಿ ಪಟ್ಟಿ ಇದೆ. ಮುಂದೆ ಸಣ್ಣ ಅಡ್ಡಪಟ್ಟಿ ಇರುವುದರಿಂದ ದೀಪ ಕಾಣುವುದಿಲ್ಲ, ಹಲಗೆ ಮಾತ್ರ ಕಾಣುತ್ತದೆ. ಹಾಸಿಗೆಯ ಮಗ್ಗುಲಿನಲ್ಲಿ, ನೆಲದಿಂದ ಒಂದು ಗೇಣು ಮೇಲೆ, ಒಂದೂವರೆ ಮೀಟರ್‌ನ ಇನ್ನೊಂದು ಪಟ್ಟಿ; ರಾತ್ರಿ ಕಾಲಿಡುವ ಜಾಗ ತೋರಿಸುವುದಷ್ಟೇ ಅದರ ಕೆಲಸ. ತಲೆದಿಂಬಿನ ಕಡೆ ಬಾಗಿಸಬಹುದಾದ ಕುತ್ತಿಗೆಯ ಎರಡು ವ್ಯಾಟ್‌ನ ಓದುವ ದೀಪ. ಹಿಂಬಾಗಿಲ ಬಳಿ ಅರ್ಧ ಮೀಟರ್ ಕೆಂಪು ಪಟ್ಟಿ. ಪಾತ್ರೆ ಡ್ರಾಯರ್ ಒಳಗೆ ಒಂದು ಪುಟ್ಟ ದೀಪ, ಎಳೆದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಇದು ಶೋಕಿ, ಒಪ್ಪಿಕೊಳ್ಳುತ್ತೇನೆ. ಎಲ್ಲ ಸೇರಿ ಪೂರ್ತಿ ಉರಿದರೂ ಇಪ್ಪತ್ತು ವ್ಯಾಟ್ ದಾಟುವುದಿಲ್ಲ.

ಬಿಳಿ ಬೆಳಕಿನಲ್ಲೂ ಜಾತಿಗಳಿವೆ. ಪೊಟ್ಟಣದ ಮೇಲೆ ಕೆಲ್ವಿನ್ ಎಂದು ಬರೆದಿರುತ್ತದೆ. 6500 ಎಂದರೆ ನೀಲಿ ಛಾಯೆಯ ಬಿಳಿ, ನಮ್ಮ ಊರಿನ ಮೊಬೈಲ್ ಅಂಗಡಿಗಳ ಬೆಳಕು. 2700ರಿಂದ 3000 ಎಂದರೆ ಹಳೆಯ ಬಲ್ಬಿನ ಹಳದಿ ಬಿಳಿ. ನಾನು ಎಲ್ಲ ಕಡೆ 3000 ಹಾಕಿದ್ದೇನೆ. ಆದರೆ ಕೆಲ್ವಿನ್ ನೋಡಿದರೆ ಸಾಲದು, ಸಿಆರ್‌ಐ ಎಂಬ ಇನ್ನೊಂದು ಅಂಕಿ ಇದೆ: ಬಣ್ಣಗಳನ್ನು ಬೆಳಕು ಎಷ್ಟು ಪ್ರಾಮಾಣಿಕವಾಗಿ ತೋರಿಸುತ್ತದೆ ಎಂಬುದರ ಅಳತೆ. ಗರಿಷ್ಠ 100. ಅಗ್ಗದ ಪಟ್ಟಿಗಳಲ್ಲಿ ಈ ಅಂಕಿಯನ್ನು ಬರೆದಿರುವುದೇ ಇಲ್ಲ. ಪರೀಕ್ಷೆಗೆ ನಾನು ಪ್ರಯೋಗಾಲಯಕ್ಕೆ ಹೋಗಲಿಲ್ಲ, ನಮ್ಮ ಊರಿನ ಅರಿಶಿನ ಬಣ್ಣದ ನರ್ಗೀಸ್ ಮಂಡಕ್ಕಿ ಒಂದು ಪೊಟ್ಟಣ ತಂದೆ. ಪಕ್ಕಕ್ಕೆ ಎರಡು ಮೆಣಸಿನಕಾಯಿ ಬಜ್ಜಿ. ದಾವಣಗೆರೆಯವನಿಗೆ ಈ ಹಳದಿ ಹೇಗಿರಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ತೆರೆಯ ಎಡಭಾಗದಲ್ಲಿ ಅಂಕಿ ಬರೆಯದ ಅಗ್ಗದ ಪಟ್ಟಿ: ಅರಿಶಿನ ಪೇಲವವಾಗಿದೆ, ಬಜ್ಜಿ ನಿನ್ನೆಯದರಂತೆ ಕಾಣುತ್ತಿದೆ. ಬಲಭಾಗದಲ್ಲಿ ಸಿಆರ್‌ಐ 90ರ ಪಟ್ಟಿ. ತಟ್ಟೆ ಒಂದೇ, ಬಜ್ಜಿ ಒಂದೇ. ಅಡುಗೆ ಹಲಗೆಗೆ ಮಾತ್ರ ದುಬಾರಿಯದು ಹಾಕಿ, ಉಳಿದ ಕಡೆ ಸಾಮಾನ್ಯದ್ದು ಸಾಕು.

ಹಳದಿ ಬೆಳಕಿಗೆ ಇನ್ನೊಂದು ಕಾರಣ ಹುಳುಗಳು. ಕೀಟಗಳ ಕಣ್ಣಿಗೆ ನೇರಳಾತೀತ, ನೀಲಿ ಬೆಳಕು ಹೆಚ್ಚು ಆಕರ್ಷಕ. ಹಳದಿ, ಕೆಂಪಿನ ಕಡೆ ಹೋದಂತೆ ಸೆಳೆತ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಭದ್ರಾ ಕಾಲುವೆಯ ಬತ್ತದ ಗದ್ದೆಗಳ ಪಕ್ಕ ಸಂಜೆ ಬಾಗಿಲು ತೆರೆದು ಬಿಳಿ ದೀಪ ಹಾಕಿ ನೋಡಿ. ಜಿಗಿಹುಳುಗಳು ಅನ್ನದ ತಟ್ಟೆಗೂ ಬರುತ್ತವೆ. ಮೊದಲ ಮಳೆಯಾದ ಸಂಜೆ ರೆಕ್ಕೆ ಬಂದ ಗೆದ್ದಲುಗಳ ಸರದಿ. ಸೊಳ್ಳೆ ಪರದೆ ಬೇಕೇ ಬೇಕು, ಬೆಳಕಿನ ಬಣ್ಣ ಅದಕ್ಕೆ ಸಹಾಯ ಮಾತ್ರ.

ಈಗ ವೈರಿಂಗ್. ಇಲ್ಲಿ ವಿಡಿಯೊವನ್ನು ವೇಗವಾಗಿ ಓಡಿಸುವುದಿಲ್ಲ, ಏಕೆಂದರೆ ಬೆಂಕಿ ಹುಟ್ಟುವ ಜಾಗ ಇದೇ.

ಗಾಡಿಯ ಬ್ಯಾಟರಿಯಿಂದ ದೀಪಕ್ಕೆ ನೇರವಾಗಿ ಎಳೆದಿಲ್ಲ. ಬೆಳಿಗ್ಗೆ ಸೆಲ್ಫ್ ಹೊಡೆಯದಿದ್ದರೆ ತೋಟದ ನಡುವೆ ತಳ್ಳುವವರು ಯಾರು? ಪೆಟ್ಟಿಗೆಗೆ ಪ್ರತ್ಯೇಕವಾಗಿ 12.8 ವೋಲ್ಟ್, 50 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದೆ. ಎಂಜಿನ್ ಓಡುವಾಗ, ಗಾಡಿಯ ವಿದ್ಯುತ್ತನ್ನು ಈ ಬ್ಯಾಟರಿಗೆ ತಕ್ಕ ವೋಲ್ಟೇಜಿಗೆ ಬದಲಿಸುವ ಡಿಸಿ ಟು ಡಿಸಿ ಚಾರ್ಜರ್ ಮೂಲಕ ಅದು ತುಂಬಿಕೊಳ್ಳುತ್ತದೆ. ಇಪ್ಪತ್ತು ವ್ಯಾಟ್ ಎಂದರೆ ಸುಮಾರು 1.6 ಆಂಪಿಯರ್. ಎಲ್ಲ ದೀಪಗಳನ್ನೂ ನಾಲ್ಕು ಗಂಟೆ ಉರಿಸಿದರೂ ಆರೂವರೆ ಆಂಪಿಯರ್ ಅವರ್ ಖರ್ಚು, ಅಂದರೆ ಬ್ಯಾಟರಿಯ ಏಳನೆಯ ಒಂದು ಪಾಲೂ ಅಲ್ಲ. ಚಿತ್ರದುರ್ಗದ ಕೋಟೆಗೆ ಹೋದವರು ಎಣ್ಣೆಕೊಳ ನೋಡಿರುತ್ತೀರಿ. ಒಂದು ಊರು ಎಣ್ಣೆಯನ್ನು ಕೊಳದ ಲೆಕ್ಕದಲ್ಲಿ ಕೂಡಿಡಬೇಕಾಗಿದ್ದ ಕಾಲ ಅದು. ನಮಗೆ ದೀಪದ ಚಿಂತೆಯೇ ಇಲ್ಲ. ಬ್ಯಾಟರಿಯನ್ನು ತಿನ್ನುವುದು ಫ್ಯಾನು ಮತ್ತು ಫ್ರಿಜ್ಜು.

ಫ್ಯೂಸ್ ವಿಷಯದಲ್ಲಿ ಬಹಳ ಜನ ತಲೆಕೆಳಗಾಗಿ ಯೋಚಿಸುತ್ತಾರೆ. ಫ್ಯೂಸ್ ಇರುವುದು ವೈರನ್ನು ಉಳಿಸಲು. ದೀಪದ ಪಕ್ಕ ಫ್ಯೂಸ್ ಹಾಕಿದರೆ, ಬ್ಯಾಟರಿಯಿಂದ ಅಲ್ಲಿಯವರೆಗಿನ ವೈರ್ ಎಲ್ಲಾದರೂ ಉಜ್ಜಿ ಶಾರ್ಟ್ ಆದಾಗ ಆ ಫ್ಯೂಸ್‌ಗೆ ಸುದ್ದಿಯೇ ಮುಟ್ಟುವುದಿಲ್ಲ. ಬ್ಯಾಟರಿಯ ಪ್ಲಸ್ ತುದಿಗೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರ ಇರಬೇಕು. ಅಲ್ಲಿ ಮುಖ್ಯ ಫ್ಯೂಸ್ ಇದೆ, ನಂತರ ದೀಪಗಳ ಕವಲಿಗೆ ಐದು ಆಂಪಿಯರ್‌ನ ತಿಳಿ ಕಂದು ಬಣ್ಣದ ಬ್ಲೇಡ್ ಫ್ಯೂಸ್. ಗಾಡಿಗಳಲ್ಲಿ ಮೈನಸ್‌ಗೆ ಬಾಡಿಯನ್ನೇ ಬಳಸುತ್ತಾರೆ, ಆದರೆ ನಮ್ಮದು ಮರದ ಪೆಟ್ಟಿಗೆ. ಪ್ರತಿ ದೀಪಕ್ಕೂ ಎರಡೂ ವೈರ್ ಬ್ಯಾಟರಿಯ ತನಕ ಬಂದಿವೆ.

ವೈರ್ ಒಂದು ಚದರ ಮಿಲಿಮೀಟರ್‌ನ ತಾಮ್ರದ್ದು. ಹೋಗಿ ಬರುವ ದೂರ ಆರು ಮೀಟರ್ ಎಂದುಕೊಂಡರೆ ವೋಲ್ಟೇಜ್ ಇಳಿಯುವುದು ಸುಮಾರು 0.2 ವೋಲ್ಟ್ ಅಷ್ಟೇ. ತಾಮ್ರ ಬಳಿದ ಅಲ್ಯೂಮಿನಿಯಂ ವೈರ್ ಕೂಡ ಅಂಗಡಿಗಳಲ್ಲಿ ಸಿಗುತ್ತದೆ, ಬೆಲೆ ಕೇಳಿದರೆ ಖುಷಿಯಾಗುತ್ತದೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ವಾಪಸ್ ಕೊಡಿ. ಜೋಡಣೆಗಳಲ್ಲಿ ನಾನು ಬೆಸುಗೆ ಹಾಕಲು ಹೊರಟಿದ್ದೆ. ಎಲೆಕ್ಟ್ರೀಷಿಯನ್ ತಡೆದರು. ಬೆಸುಗೆಯ ಸೀಸ ಎಳೆಗಳ ನಡುವೆ ಹರಿದು ವೈರನ್ನು ಗಟ್ಟಿ ಕಡ್ಡಿ ಮಾಡುತ್ತದೆ. ಗಾಡಿ ಕುಲುಕುತ್ತಾ ಹೋದಂತೆ ಆ ಗಟ್ಟಿ ಭಾಗ ಮುಗಿಯುವ ಜಾಗದಲ್ಲೇ ತುಂಡಾಗುತ್ತದೆ. ವೈರಿನ ತುದಿಗೆ ಲಗ್ ಎಂಬ ಲೋಹದ ತುಂಡು ಹಾಕಿ, ಸರಿಯಾದ ಇಕ್ಕಳದಿಂದ ಒತ್ತಿ ಬಿಗಿದು, ಅಂದರೆ ಕ್ರಿಂಪ್ ಮಾಡಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಹಾಕಬೇಕು. ತಗಡಿನ ತೂತಿನ ಮೂಲಕ ವೈರ್ ಹಾಯುವ ಕಡೆಗಳಲ್ಲೆಲ್ಲ ಅಂಚಿಗೆ ಉಜ್ಜದಂತೆ ಗ್ರಾಮೆಟ್ ಎಂಬ ರಬ್ಬರ್ ಬಳೆ. ಅವರು ಪ್ರತಿ ವೈರನ್ನೂ ಜಗ್ಗಿ ನೋಡಿದರು, ಕೋಪ ಬಂದವರಂತೆ. ಜಗ್ಗಿದಾಗ ಕಿತ್ತು ಬಂದರೆ ಅದು ಕ್ರಿಂಪ್ ಅಲ್ಲವಂತೆ.

ಪಟ್ಟಿ ದೀಪದ ಒಳಗುಟ್ಟು ಒಂದಿದೆ. ಹನ್ನೆರಡು ವೋಲ್ಟ್ ಪಟ್ಟಿಯಲ್ಲಿ ಮೂರು ಮೂರು ಎಲ್‌ಇಡಿಗಳು ಸಾಲಾಗಿ, ವಿದ್ಯುತ್ ಹರಿವನ್ನು ತಡೆಯುವ ಒಂದು ರೆಸಿಸ್ಟರ್ ಜೊತೆ ಕೂತಿರುತ್ತವೆ. ಅದಕ್ಕೇ ಎಲ್ಲೆಂದರಲ್ಲಿ ಕತ್ತರಿಸುವಂತಿಲ್ಲ, ಗುರುತು ಹಾಕಿದ ಜಾಗದಲ್ಲೇ ಕತ್ತರಿಸಬೇಕು. ಮೀಟರ್‌ಗೆ 60 ಎಲ್‌ಇಡಿ ಇದ್ದರೆ ಪ್ರತಿ ಐದು ಸೆಂಟಿಮೀಟರ್‌ಗೆ ಒಂದು ಗುರುತು. ಮೂರು ಎಲ್‌ಇಡಿಗಳು ಸುಮಾರು ಒಂಬತ್ತು ವೋಲ್ಟ್ ತೆಗೆದುಕೊಂಡು, ಉಳಿದದ್ದನ್ನು ರೆಸಿಸ್ಟರ್ ನುಂಗುತ್ತದೆ. ಚಾರ್ಜ್ ಆಗುವಾಗ ಬ್ಯಾಟರಿ 14.4 ವೋಲ್ಟ್‌ಗೆ ಏರಿದರೆ ಹೆಚ್ಚಿನ ಹೊರೆಯೆಲ್ಲ ರೆಸಿಸ್ಟರ್ ಮೇಲೆ ಬಿದ್ದು, ಪಟ್ಟಿಯಲ್ಲಿ ಹರಿಯುವ ವಿದ್ಯುತ್ ಒಂದೂವರೆ ಪಟ್ಟನ್ನೂ ಮೀರುತ್ತದೆ. ಪಟ್ಟಿ ಕೈ ಸುಡುವಷ್ಟು ಬಿಸಿಯಾಗಿ ಬೇಗ ಸಾಯುತ್ತದೆ. ನಡುವೆ ಹನ್ನೆರಡು ವೋಲ್ಟ್‌ಗೆ ಹಿಡಿದು ನಿಲ್ಲಿಸುವ ಸಣ್ಣ ಕನ್ವರ್ಟರ್ ಹಾಕಿದ್ದೇನೆ. ಪಟ್ಟಿಯ ಹಿಂದಿನ ಅಂಟನ್ನು ನಂಬಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ನಿಂತ ಗಾಡಿಯೊಳಗೆ ಅದು ಮಧ್ಯಾಹ್ನದೊಳಗೆ ಜೋತುಬೀಳುತ್ತದೆ. ಅಲ್ಯೂಮಿನಿಯಂ ಚಾನೆಲ್‌ಗೆ ಸ್ಕ್ರೂ, ಅದರೊಳಗೆ ಪಟ್ಟಿ, ಮೇಲೆ ಹಾಲುಬಣ್ಣದ ಮುಚ್ಚಳ. ಬಿಸಿಯೂ ಲೋಹಕ್ಕೆ ಇಳಿಯುತ್ತದೆ, ಚುಕ್ಕೆ ಚುಕ್ಕೆ ಕಾಣುವುದೂ ತಪ್ಪುತ್ತದೆ.

ಈ ದೃಶ್ಯದಲ್ಲಿ ಕಪ್ಪು ಪಟ್ಟೆಗಳು ಮೇಲಿಂದ ಕೆಳಗೆ ಓಡುತ್ತಿವೆ, ಗಮನಿಸಿ. ಬೇಕೆಂದೇ ಉಳಿಸಿಕೊಂಡಿದ್ದೇನೆ. ದೀಪ ಮಂದ ಮಾಡಲು ಹಾಕುವ ಅಗ್ಗದ ಡಿಮ್ಮರ್ ಬೆಳಕನ್ನು ನಿಜವಾಗಿ ಕುಗ್ಗಿಸುವುದಿಲ್ಲ, ಸೆಕೆಂಡಿಗೆ ನೂರಾರು ಬಾರಿ ಆರಿಸಿ ಹೊತ್ತಿಸುತ್ತದೆ. ಕಣ್ಣಿಗೆ ಮಂದ ಬೆಳಕು, ಕ್ಯಾಮೆರಾಕ್ಕೆ ಪಟ್ಟೆ. ಹಲವು ಸಾವಿರ ಹರ್ಟ್ಸ್‌ನ ಡಿಮ್ಮರ್ ಕೊಂಡರೆ ಈ ಕಾಟವಿಲ್ಲ. ವ್ಲಾಗ್ ಮಾಡದವರು ಆ ಹಣ ಉಳಿಸಬಹುದು.

ಆಷಾಢದಲ್ಲಿ ಇದನ್ನೆಲ್ಲ ಪರೀಕ್ಷಿಸಲು ಚಿತ್ರದುರ್ಗದ ಕಡೆ ಸ್ನೇಹಿತನೊಬ್ಬನ ತೋಟಕ್ಕೆ ಹೋದೆವು. ಜೋಗಿಮಟ್ಟಿ ಕಾಡಿನಲ್ಲಿ ರಾತ್ರಿ ಬಿಡಾರ ಹೂಡುವಂತಿಲ್ಲ, ಆ ಪ್ರಶ್ನೆ ಕೇಳಬೇಡಿ. ಗಾಡಿ ಓಡುವಾಗ ಪೆಟ್ಟಿಗೆಯಲ್ಲಿ ಯಾರೂ ಕೂರುವುದಿಲ್ಲ. ಪೆಟ್ಟಿಗೆಯನ್ನು ಎತ್ತಿ ಇಳಿಸಬಹುದು, ಗಾಡಿಯ ಬಾಡಿಯನ್ನು ಎಲ್ಲೂ ಕತ್ತರಿಸಿಲ್ಲ. ಗಾಡಿಯಲ್ಲಿ ಮಾಡುವ ಬದಲಾವಣೆಗಳ ಬಗ್ಗೆ ಹೇಳುವ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಓದಿಯೇ ಇಂತಹ ಕೆಲಸಕ್ಕೆ ಕೈ ಹಾಕಿ. ಗಾಳಿ ಹೇಗಿತ್ತೆಂದರೆ ಮೈಕ್‌ನಲ್ಲಿ ಬೇರೇನೂ ದಾಖಲಾಗಿಲ್ಲ, ನೀವು ಕೇಳುತ್ತಿರುವುದು ಮನೆಯಲ್ಲಿ ಕೂತು ಸೇರಿಸಿದ ದನಿ. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಪುರುಸೊತ್ತಿಲ್ಲದೆ ತಿರುಗುತ್ತಿದ್ದವು.

ಅಲ್ಲಿ ಕೆಲಸಕ್ಕೆ ಬಂದದ್ದು ಕೆಂಪು ಪಟ್ಟಿ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಒಂದು ಬಿಳಿ ದೀಪ ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಮಂದ ಬೆಳಕಿನಲ್ಲಿ ನೋಡುವ ಕಣ್ಣಿನ ಕೋಶಗಳಿಗೆ ಗಾಢ ಕೆಂಪು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಹಾಗಾಗಿ ಕೆಂಪು ಬೆಳಕಿನಲ್ಲಿ ಚಪ್ಪಲಿ ಹುಡುಕಿಕೊಂಡು ಕೆಳಗಿಳಿದು ತಲೆಯೆತ್ತಿದರೆ, ನಕ್ಷತ್ರಗಳು ಕಾಯಿಸದೆ ಸಿಗುತ್ತವೆ. ಆಷಾಢದ ಮೋಡ ಅರ್ಧ ಗಂಟೆ ಬಿಡುವು ಕೊಟ್ಟಿತು, ವೃಶ್ಚಿಕದ ಬಾಲದವರೆಗೂ ಎಣಿಸಿದೆವು.

ಹೊರಗಡೆ ಒಂದು ದೀಪ ಹಾಕು, ಊಟಕ್ಕೆ ಕೂರಲು ಚೆನ್ನಾಗಿರುತ್ತದೆ ಎಂದು ಸ್ನೇಹಿತ ಆ ರಾತ್ರಿಯಿಂದ ಹಟ ಹಿಡಿದಿದ್ದಾನೆ. ಎಲೆಕ್ಟ್ರೀಷಿಯನ್ ಕೂಡ ಅವನ ಪಕ್ಷ ಸೇರಿದ್ದಾರೆ. ಹಿಂಬಾಗಿಲ ಹೊರಗೆ ಮುಚ್ಚಳವಿರುವ ಒಂದು ಹನ್ನೆರಡು ವೋಲ್ಟ್ ಸಾಕೆಟ್ ಕೊಟ್ಟಿದ್ದೇನೆ. ದೀಪ ಬೇಕಾದವರು ತಮ್ಮದನ್ನು ತಂದು ಚುಚ್ಚಿಕೊಳ್ಳಲಿ, ನಿದ್ದೆ ಬಂದಾಗ ಕಿತ್ತುಕೊಂಡು ಹೋಗಲಿ. ಮುಂದಿನ ಕಂತಿನಲ್ಲಿ ಚಾವಣಿಗೆ ಫ್ಯಾನ್ ಕೂರಿಸುತ್ತೇವೆ.