ಎರಡನೇ ಮನೆ ಯಾವುದು?

ಕೇಳುಗರಿಗೆಲ್ಲ ನಮಸ್ಕಾರ.

ಪುಷ್ಯ ಮಳೆ ಹಿಡಿದಿದೆ. ರಾತ್ರಿ ಒಂಬತ್ತೂವರೆ. ಮೊಬೈಲಿಗೆ ಒಂದು ಮೆಸೇಜ್ ಬರುತ್ತದೆ. ‘ನಾಳೆ ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕಿನ ಅಂಗನವಾಡಿ, ಶಾಲೆಗಳಿಗೆ ರಜೆ.’ ಮಕ್ಕಳು ಮಂಚದ ಮೇಲೆ ಕುಣಿಯುತ್ತಾರೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಅಮ್ಮನ ಕೈ ಹಾಗೇ ನಿಂತುಬಿಡುತ್ತದೆ. ನಾಳೆ ಅವಳಿಗೆ ಬೆಳಗಿನ ಡ್ಯೂಟಿ. ಜಿಲ್ಲಾಧಿಕಾರಿಗಳು ರಜೆ ಕೊಟ್ಟಿದ್ದು ಮಕ್ಕಳಿಗೆ, ಅವಳಿಗಲ್ಲ.

ಇವತ್ತು ನಾನು ಮಾತಾಡುವುದು ಆ ಅಮ್ಮನ ಹತ್ತಿರ. ಆಕೆ ಸ್ಟಾಫ್ ನರ್ಸ್ ಇರಬಹುದು, ಬಸ್ ಕಂಡಕ್ಟರ್ ಇರಬಹುದು, ಆಶಾ ಕಾರ್ಯಕರ್ತೆ, ಪೌರಕಾರ್ಮಿಕರು, ಪೊಲೀಸ್, ಹಾಲಿನ ಡೈರಿಯಲ್ಲಿ ಕೆಲಸ ಮಾಡುವವರು, ಯಾರಾದರೂ ಆಗಬಹುದು. ಅಪ್ಪಂದಿರೂ ಕೇಳಿ. ಅದರಲ್ಲೂ ಪವರ್‌ಮ್ಯಾನ್‌ಗಳು. ಮಳೆ ಜೋರಾದ ದಿನವೇ ಶಾಲೆಗೆ ರಜೆ, ಅದೇ ದಿನ ನಿಮಗೆ ಕೆಲಸ ಜಾಸ್ತಿ. ಅಲ್ಲಿ ಮರ ಬಿತ್ತು, ಇಲ್ಲಿ ಕಂಬ ಮುರಿಯಿತು. ಊರಿಗೆಲ್ಲ ಕರೆಂಟ್ ಕೊಡಲು ನೀವು ಹೊರಟಿರಿ. ನಿಮ್ಮ ಮಗು ಆವಾಗ ಎಲ್ಲಿತ್ತು?

ನನ್ನ ಮಾತು ಒಂದೇ. ನೀವಿಲ್ಲದ ಹೊತ್ತಿನಲ್ಲಿ ನೋಡಿಕೊಳ್ಳುವ ಒಂದು ಎರಡನೇ ಮನೆಯನ್ನು ಮಗುವಿಗೆ ಗೊತ್ತು ಮಾಡಿಟ್ಟುಕೊಳ್ಳಿ. ರಜೆ ಮೆಸೇಜ್ ಬರುವ ಮೊದಲೇ. ಬಾಯಾರಿದಾಗ ಬಾವಿ ತೋಡಬೇಡಿ. ಈ ಹತ್ತು ನಿಮಿಷದಲ್ಲಿ ಇದನ್ನೇ ನಾಲ್ಕೈದು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅಂಗನವಾಡಿ ಮೇಲ್ವಿಚಾರಕಿಯಾಗಿ ಮೂವತ್ತು ವರ್ಷ ಹಳ್ಳಿ ಹಳ್ಳಿ ತಿರುಗಿದವಳು ನಾನು. ಒಂದೇ ಮಾತನ್ನು ಹತ್ತು ಸಲ ಹೇಳುವುದು ನಮ್ಮ ಕೆಲಸದ ಅಭ್ಯಾಸ. ಪೋಲಿಯೋ ಹನಿ ಹಾಕಿಸಿ ಅಂತ ನಿಮ್ಮ ಬಾಗಿಲಲ್ಲಿ ಎಷ್ಟು ಸಲ ನಿಂತಿದ್ದೇವೆ, ನೆನಪಿದೆ ಅಲ್ವಾ?

ಮಳೆ ರಜೆ ಒಂದೆರಡು ದಿನದ್ದು, ಹೇಗೋ ಸಂಭಾಳಿಸಿಕೊಳ್ಳುತ್ತೇವೆ ಅನ್ನುತ್ತೀರಿ. ಸರಿ. ಹಾಗಾದರೆ ಕೊರೊನಾ ಕಾಲ ನೆನಪು ಮಾಡಿಕೊಳ್ಳಿ. 2020ರ ಮಾರ್ಚ್ ಮಧ್ಯದಲ್ಲಿ ಸಣ್ಣ ಮಕ್ಕಳ ಶಾಲೆ ಮುಚ್ಚಿತು. ಸ್ವಲ್ಪ ದಿನ ಅಷ್ಟೇ ಅಂದುಕೊಂಡೆವು. ಒಂದರಿಂದ ಐದನೇ ತರಗತಿ ಮತ್ತೆ ಶುರುವಾಗಿದ್ದು ಯಾವಾಗ ಗೊತ್ತಾ? 2021ರ ಅಕ್ಟೋಬರ್ 25ಕ್ಕೆ. ಅಂಗನವಾಡಿ ಬಾಗಿಲು ತೆರೆದಿದ್ದು ನವೆಂಬರ್ 8ಕ್ಕೆ. ಒಂದೂವರೆ ವರ್ಷದ ಮೇಲಾಯಿತು. ಯುಕೆಜಿಯಲ್ಲಿದ್ದ ಮಗು ಒಂದನೇ ತರಗತಿಯ ಬೆಂಚನ್ನೇ ನೋಡದೆ ಎರಡನೇ ತರಗತಿಗೆ ಹೋಗಿ ಕೂತಿತು. ಅಷ್ಟೂ ದಿನ ಆಸ್ಪತ್ರೆ ಮುಚ್ಚಿತ್ತಾ? ಕಸದ ಗಾಡಿ ನಿಂತಿತ್ತಾ?

ಇನ್ನೊಂದು ವಿಷಯ. ಏಪ್ರಿಲ್, ಮೇ ಬಂದರೆ ಮಕ್ಕಳನ್ನು ಅಜ್ಜಿ ಮನೆಗೆ ಕಳಿಸುವುದು ನಮ್ಮ ಕಡೆ ವಾಡಿಕೆ. ಆ ವರ್ಷ ಅಜ್ಜಿ ಅರಕಲಗೂಡಿನಲ್ಲಿ, ಮೊಮ್ಮಗ ಹಾಸನದಲ್ಲಿ, ನಡುವೆ ಬಸ್ಸೇ ಇಲ್ಲ. ಬಸ್ ಬಿಟ್ಟ ಮೇಲೆ, ವಯಸ್ಸಾದವರ ಹತ್ತಿರ ಮಕ್ಕಳನ್ನು ಬಿಡಬೇಡಿ ಅಂದರು. ಅಜ್ಜಿ ಇದ್ದಾರಲ್ಲ ಅನ್ನುವ ಧೈರ್ಯ ಒಂದೇ ವಾರದಲ್ಲಿ ಕರಗಿಹೋಯಿತು.

ಈಗ ಒಂದು ಸಂಗತಿ ಹೇಳುತ್ತೇನೆ. ನಮ್ಮ ಬೀದಿಯದೇ.

2020ರ ಜುಲೈ. ನಾನು ಹಿಂದಿನ ವರ್ಷವಷ್ಟೇ ನಿವೃತ್ತಿ ಆಗಿದ್ದೆ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಸ್ಟಾಫ್ ನರ್ಸ್, ಅವರ ಯಜಮಾನರು ಪವರ್‌ಮ್ಯಾನ್. ಆರು ವರ್ಷದ ಗಂಡು ಮಗು, ಮೂರು ವರ್ಷದ ಹೆಣ್ಣು ಮಗು. ಹೆಸರು ಬೇಡ ಬಿಡಿ. ಆವತ್ತು ಬೆಳಗಿನ ಜಾವ ನಾಲ್ಕಕ್ಕೇ ಎಲ್ಲೋ ಮರ ಬಿದ್ದು ಯಜಮಾನರು ಹೊರಟುಹೋಗಿದ್ದರು. ಆಕೆಗೆ ಎಂಟು ಗಂಟೆಗೆ ಡ್ಯೂಟಿ. ಮಕ್ಕಳನ್ನು ನೋಡಿಕೊಳ್ಳಲು ಹಿಂದಿನ ರಸ್ತೆಯ ಪಿಯುಸಿ ಹುಡುಗಿಯೊಬ್ಬಳು ಬರುತ್ತಿದ್ದಳು. ಹಿಂದಿನ ರಾತ್ರಿ ಆ ಹುಡುಗಿಯ ಮನೆ ಸೀಲ್‌ಡೌನ್ ಆಯಿತು. ಆಕೆ ಏನು ಮಾಡಬೇಕು? ಚಿತ್ರಾನ್ನ ಮಾಡಿ ಹಾಟ್‌ಬಾಕ್ಸಿಗೆ ತುಂಬಿ, ಟಿವಿ ಹಾಕಿ, ‘ಯಾರು ಬಂದರೂ ಬಾಗಿಲು ತೆಗೀಬೇಡ’ ಅಂತ ಮಗನಿಗೆ ಹೇಳಿ ಹೊರಟುಹೋದರು.

ಹನ್ನೊಂದು ಗಂಟೆ ಇರಬಹುದು. ನಾನು ಹಿತ್ತಿಲಲ್ಲಿ ಕೊಡೆ ಹಿಡಿದು ಕರಿಬೇವು ಕೀಳುತ್ತಿದ್ದೆ. ಪಕ್ಕದ ಮನೆ ಕಿಟಕಿಯಿಂದ ಸಣ್ಣ ದನಿ. ‘ಅಜ್ಜೀ, ಕುಕ್ಕರ್ ಎಷ್ಟು ಸಲ ಕೂಗಬೇಕು?’

ನನಗೆ ಮೊದಲು ಅರ್ಥವಾಗಲಿಲ್ಲ. ಅಮ್ಮ ಅಡುಗೆ ಮಾಡ್ತಿದ್ದಾರೇನೋ ಪುಟ್ಟ ಅಂದೆ. ‘ಅಮ್ಮ ಡ್ಯೂಟಿಗೆ ಹೋದ್ರು. ಪಾಪುಗೆ ಚಿತ್ರಾನ್ನ ಖಾರ ಅಂತೆ. ಬೇಳೆ ಅನ್ನ ಬೇಕಂತೆ. ನಾನೇ ಇಟ್ಟಿದೀನಿ.’

ಆರು ವರ್ಷದ ಹುಡುಗ. ಸ್ಟೂಲ್ ಹಾಕಿಕೊಂಡು, ಲೈಟರ್ ಹೊಡೆದು, ಗ್ಯಾಸ್ ಹಚ್ಚಿದ್ದಾನೆ.

ಕೂಗಿತಾ ಪುಟ್ಟ? ಅಂದೆ. ‘ಇಲ್ಲ ಅಜ್ಜಿ, ಎಷ್ಟೊತ್ತಾದ್ರೂ ಕೂಗ್ತಿಲ್ಲ. ಒಂಥರಾ ವಾಸನೆ ಬರ್ತಿದೆ.’ ನೀರು ಎಷ್ಟು ಹಾಕಿದೀಯೋ? ಅಂದರೆ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀರು ಹಾಕಬೇಕಾ?’ ಅಂದ.

ನನ್ನ ಕೈಯಲ್ಲಿದ್ದ ಕೊಡೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಗುಂಡಿ ತಿರುಗಿಸು ಅಂದೆ. ಯಾವ ಕಡೆಗೆ ಅಂದ. ಕಿಟಕಿ ಸರಳಿನ ಆಚೆ ನಿಂತು, ಹಚ್ಚುವಾಗ ಹೇಗೆ ತಿರುಗಿಸಿದೆಯೋ ಅದರ ಉಲ್ಟಾ ತಿರುಗಿಸಪ್ಪ, ತಿರುಗಿಸಿ ದೂರ ಬಾ ಅಂತ ಗೋಗರೆದೆ. ತಿರುಗಿಸಿದ. ಜಾಣ ಹುಡುಗ. ಸರಿ, ಬಾಗಿಲು ತೆಗಿ ಅಂದರೆ, ‘ತೆಗಿಯಲ್ಲ. ಅಮ್ಮ ಯಾರಿಗೂ ತೆಗೀಬೇಡ ಅಂದಿದಾರೆ.’ ನಾನು ಕಣೋ, ಪಕ್ಕದ ಮನೆ ಅಜ್ಜಿ! ‘ಯಾರಿಗೂ ಅಂದಿದಾರೆ.’

ಅವನು ಹೇಳಿದ್ದು ನೂರಕ್ಕೆ ನೂರು ಸರಿ. ನಾನೇ ಅಂಗನವಾಡಿಗಳಲ್ಲಿ ಮಕ್ಕಳಿಗೆ ಹೇಳಿಸಿಕೊಂಡು ಬಂದ ಪಾಠ ಅದು.

ಆಕೆಗೆ ಫೋನ್ ಮಾಡಿದೆ. ರಿಂಗ್ ಆಗುತ್ತದೆ, ಎತ್ತುವವರಿಲ್ಲ. ವಾರ್ಡಿನೊಳಗೆ ಪಿಪಿಇ ಕಿಟ್ ಹಾಕಿದರೆ ಮೊಬೈಲ್ ಹೊರಗಿನ ಕಪಾಟಿನಲ್ಲಿ. ಯಜಮಾನರಿಗೆ ಮಾಡಿದೆ, ಅವರು ಯಾವುದೋ ಕಂಬದ ಮೇಲೆ. ವಾರ್ಡಿನ ಲ್ಯಾಂಡ್‌ಲೈನ್ ನಂಬರ್ ನನ್ನ ಹತ್ತಿರ ಇಲ್ಲ, ಹುಡುಗನ ಹತ್ತಿರ ಇಲ್ಲ, ಗೋಡೆಯ ಮೇಲೂ ಇಲ್ಲ. ಗೊತ್ತಿದ್ದ ಒಬ್ಬ ಆಶಾ ಕಾರ್ಯಕರ್ತೆಗೆ ಮಾಡಿದೆ, ಆಕೆ ಇನ್ನೊಬ್ಬರ ನಂಬರ್ ಕೊಟ್ಟಳು. ಹೀಗೆ ಐದನೇ ಕರೆಗೆ ವಾರ್ಡ್ ಸಿಕ್ಕಿತು. ಅಮ್ಮ ಲೈನಿಗೆ ಬಂದ ಮೇಲೆ ನನ್ನ ಮೊಬೈಲನ್ನು ಸರಳಿನೊಳಗೆ ತೂರಿಸಿದೆ. ‘ಅಜ್ಜಿಗೆ ತೆಗಿ ಕಂದ’ ಅಂತ ಅವಳ ಬಾಯಿಂದ ಬಂದ ಮೇಲೆ ಚಿಲಕ ಸರಿಯಿತು. ನಲವತ್ತು ನಿಮಿಷ. ಒಳಗೆ ಹೋದರೆ ಕುಕ್ಕರಿನ ತಳ ಕರಿ ಇದ್ದಿಲು. ಪಾಪು ಟಿವಿ ಎದುರು ತಟ್ಟೆ ಇಟ್ಟುಕೊಂಡು ಬೇಳೆ ಅನ್ನಕ್ಕೆ ಕಾಯುತ್ತಾ ಕೂತಿದೆ.

ಮಧ್ಯಾಹ್ನ ಎರಡೂವರೆಗೆ ಆಕೆ ಬಂದರು. ಮಾಸ್ಕ್ ಕಟ್ಟಿ ಕಟ್ಟಿ ಮೂಗಿನ ಮೇಲೆ ಗೆರೆ. ನಮ್ಮ ಜಗುಲಿ ಮೆಟ್ಟಿಲ ಮೇಲೆ ಕೂತು ಅತ್ತರು. ನನಗೆ ಒಂದು ಹೇಳಬಾರದಿತ್ತಾ ಅಂದೆ. ‘ನಿಮಗ್ಯಾಕೆ ತೊಂದರೆ ಅಂತ ಸುಮ್ನಾದೆ ಆಂಟಿ’ ಅಂದರು.

ನಿಜ ಹೇಳಬೇಕಲ್ಲ. ಆಕೆ ಹೇಳದೇ ಇದ್ದುದಕ್ಕೆ ಕಾರಣ ನಾನೂ ಹೌದು. ಆಸ್ಪತ್ರೆಯಿಂದ ಬಂದವರು ಅಂತ ಆ ದಿನಗಳಲ್ಲಿ ಆಕೆ ಎದುರಿಗೆ ಬಂದರೆ ನಾನು ರಸ್ತೆಯ ಆ ಬದಿಗೆ ಹೋಗುತ್ತಿದ್ದೆ. ಆಕೆಗೆ ಅದು ಕಾಣುತ್ತಿರಲಿಲ್ಲವಾ? ಮೂವತ್ತು ವರ್ಷ ಊರೂರಿನ ಮಕ್ಕಳ ತೂಕ, ಎತ್ತರ ರಿಜಿಸ್ಟರಿನಲ್ಲಿ ಬರೆದವಳು ನಾನು. ಗೋಡೆಯಾಚೆಯ ಎರಡು ಮಕ್ಕಳು ಹಗಲು ಎಲ್ಲಿರುತ್ತವೆ ಅನ್ನುವುದು ನನ್ನ ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ.

ಅವತ್ತು ಸಂಜೆಯೇ ಕೂತು ಮಾತಾಡಿದೆವು. ನಮ್ಮ ಮನೆ ಎರಡನೇ ಮನೆ. ನಾನು ಊರಲ್ಲಿ ಇಲ್ಲದಿದ್ದರೆ ಎದುರು ಮನೆಯವರು. ಕ್ಯಾಲೆಂಡರಿನ ಹಿಂದಿನ ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿದೆವು. ಎರಡು ಮನೆಯ ಹೆಸರು, ವಾರ್ಡಿನ ಲ್ಯಾಂಡ್‌ಲೈನ್, ಯಜಮಾನರ ಸೆಕ್ಷನ್ ಆಫೀಸಿನ ನಂಬರ್. ಒಂದು ಗುಟ್ಟಿನ ಮಾತೂ ಮಾಡಿಕೊಂಡೆವು. ಆ ಮಾತು ಹೇಳಿದವರಿಗೆ ಮಾತ್ರ ಹುಡುಗ ಬಾಗಿಲು ತೆಗೆಯಬೇಕು. ಮಾತು ಯಾವುದು ಅಂತ ಅವನೇ ಆರಿಸಿದ.

ಇಷ್ಟಕ್ಕೆ ಖರ್ಚಾಗಿದ್ದು ಒಂದು ರಟ್ಟು, ಸ್ವಲ್ಪ ಗಮ್ ಟೇಪು. ಅದಕ್ಕೇ ಮತ್ತೆ ಹೇಳುತ್ತೇನೆ, ಎರಡನೇ ಮನೆ ಗೊತ್ತು ಮಾಡಿಕೊಳ್ಳಿ. ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು. ಆ ಮನೆಯವರಿಗೆ ಹೋಗಿ ಹೇಳಿ, ಕೇಳಿ, ಒಪ್ಪಿಸಿ. ಒಂದು ಭಾನುವಾರ ಮಗುವನ್ನು ಅಲ್ಲಿ ಎರಡು ಗಂಟೆ ಬಿಟ್ಟು ನೋಡಿ. ಅವರ ಮನೆಯ ಬಚ್ಚಲು ಎಲ್ಲಿದೆ ಅಂತ ಮಗುವಿಗೆ ಗೊತ್ತಿರಬೇಕು. ನಗಬೇಡಿ, ಅರ್ಧ ಮಕ್ಕಳು ಬೇರೆಯವರ ಮನೆಯಲ್ಲಿ ಅಳುವುದು ಅದಕ್ಕೇ.

ಅಯ್ಯೋ, ಪುಟ ನೋಡಿದರೆ ಕುಕ್ಕರಿನ ಕಥೆಯೇ ಮುಕ್ಕಾಲು ನುಂಗಿದೆ. ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ.

ಕಾನೂನು ಏನು ಹೇಳುತ್ತದೆ? ಕಾಫಿ ತೋಟಗಳಲ್ಲಿ 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಶಿಶುವಿಹಾರದ ಮಾತಿದೆ. ದೊಡ್ಡವರು ಚಿಗುರು ತೆಗೆಯಲು, ಹಣ್ಣು ಕೀಳಲು ಹೋದಾಗ ಸಣ್ಣ ಮಕ್ಕಳು ಲೈನ್ ಮನೆಯಲ್ಲಿ ಒಂಟಿಯಾಗಿ ಉಳಿಯಬಾರದು ಅಂತ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ತಂದಾಗ, 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಿ ಬರಬಹುದು ಅಂತ ಸೇರಿಸಿದರು. ನಿಮ್ಮ ಕೆಲಸದ ಜಾಗದಲ್ಲಿ ಇದೆಯಾ? ಕೇಳಿ. ಕೇಳುವುದಕ್ಕೆ ಯಾಕೆ ಸಂಕೋಚ? ಹಳ್ಳಿಯ ಕಡೆ, ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ ಅಂತ 2023ರಲ್ಲಿ ನಮ್ಮ ಸರ್ಕಾರ ಗ್ರಾಮ ಪಂಚಾಯ್ತಿಗಳಲ್ಲಿ ಕೂಸಿನ ಮನೆ ಶುರು ಮಾಡಿತು. ಹೆಸರೇ ಎಷ್ಟು ಚೆನ್ನಾಗಿದೆ ನೋಡಿ.

ಆದರೆ ಇವೆಲ್ಲ ಸಣ್ಣ ಕೂಸುಗಳಿಗೆ. ಆರು ದಾಟಿದ ಮಗುವನ್ನು ಹಗಲು ನೋಡಿಕೊಳ್ಳುವ ಜಾಗ ಅಂದರೆ ಶಾಲೆ ಒಂದೇ. ಆ ಶಾಲೆಯೇ ಮುಚ್ಚಿದರೆ? ಇಂಗ್ಲೆಂಡಿನಲ್ಲಿ 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ, ಡಾಕ್ಟರು, ನರ್ಸು, ಪೊಲೀಸರು, ದಿನಸಿ ಸರಬರಾಜು ಮಾಡುವವರು, ಇಂಥವರ ಮಕ್ಕಳಿಗೆ ಅಂತ ಶಾಲೆ ತೆರೆದೇ ಇಟ್ಟಿದ್ದರು. ಶಾಲೆಗೊಂದು ಕೋಣೆ, ಇಬ್ಬರು ಮೇಷ್ಟ್ರು ಸಾಕಲ್ಲ. ನಮ್ಮಲ್ಲಿ ಯಾಕಾಗಬಾರದು? ಇದು ದೊಡ್ಡವರು ಯೋಚಿಸಬೇಕಾದ ವಿಷಯ. ಅವರು ಯೋಚಿಸುವ ತನಕ ನಿಮ್ಮ ಮಗು ಕಾಯುತ್ತಾ? ಎರಡನೇ ಮನೆ!

ಡ್ಯೂಟಿ ಚಾರ್ಟ್ ಬರೆಯುವವರು ಯಾರಾದರೂ ಕೇಳುತ್ತಿದ್ದರೆ ಒಂದು ವಿನಂತಿ. ಗಂಡ ಹೆಂಡತಿ ಇಬ್ಬರೂ ನಿಮ್ಮಲ್ಲೇ ಇದ್ದರೆ ಒಂದೇ ಪಾಳಿ ಹಾಕಬೇಡಿ. ಮನೆಯಿಂದ ಕರೆ ಬಂದರೆ ಒಳಗೆ ಮುಟ್ಟಿಸಲು ಒಬ್ಬರನ್ನು ನೇಮಿಸಿ. ಒಂದು ಲ್ಯಾಂಡ್‌ಲೈನ್ ಎತ್ತುವುದು ಅಷ್ಟು ಕಷ್ಟವೇನಲ್ಲ.

ಎರಡನೇ ಮನೆಯವರನ್ನು ಬರಿಗೈಲಿ ಬಿಡಬೇಡಿ. ದುಡ್ಡು ತಗೊಳ್ಳುವವರಾದರೆ ದುಡ್ಡು ಕೊಡಿ. ಇಲ್ಲದಿದ್ದರೆ ಅವರ ಗ್ಯಾಸ್ ಬುಕ್ ಮಾಡಿಕೊಡಿ, ಬಿಪಿ ನೋಡಿ, ಸಂತೆಯಿಂದ ಸೊಪ್ಪು ತಂದುಕೊಡಿ. ನನ್ನ ಬಿಪಿ ಮಾತ್ರೆ ಈಗ ಆ ನರ್ಸಮ್ಮನ ಲೆಕ್ಕದಲ್ಲೇ ನಡೆಯುತ್ತಿದೆ. ಒಂದು ದಿನ ತಪ್ಪಿದರೂ ಬೈಸಿಕೊಳ್ಳುತ್ತೇನೆ.

ಹತ್ತು ವರ್ಷದ ಅಕ್ಕನಿಗೆ ತಮ್ಮನನ್ನು ಒಪ್ಪಿಸಿ ಹೋಗುವುದು ಎರಡನೇ ಮನೆ ಆಗುವುದಿಲ್ಲ. ಅವಳೂ ಮಗುವೇ. ಯಾರ ದಿಕ್ಕೂ ಇಲ್ಲದೆ ಮಗು ತೊಂದರೆಯಲ್ಲಿದೆ ಅಂತ ನಿಮ್ಮ ಕಣ್ಣಿಗೆ ಬಿದ್ದರೆ 1098ಕ್ಕೆ ಕರೆ ಮಾಡಿ. ಮಕ್ಕಳ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಎತ್ತುತ್ತಾರೆ. ಆ ನಂಬರನ್ನೂ ರಟ್ಟಿನ ಮೇಲೆ ಬರೆಯಿರಿ.

ಈಗ ಆ ಹುಡುಗ ನನ್ನ ಭುಜದವರೆಗೆ ಬೆಳೆದಿದ್ದಾನೆ. ಬೇಳೆ ಅನ್ನ ನನಗಿಂತ ಚೆನ್ನಾಗಿ ಮಾಡುತ್ತಾನೆ, ನೀರು ಅಳೆದು ಹಾಕುತ್ತಾನೆ. ಮೊನ್ನೆ ಮಳೆ ರಜೆ ಕೊಟ್ಟ ದಿನ ಅಣ್ಣ ತಂಗಿ ಇಬ್ಬರೂ ನಮ್ಮ ಮನೆಯಲ್ಲೇ. ರೇಡಿಯೋದಲ್ಲಿ ನಿಮ್ಮ ಕಥೆ ಹೇಳ್ತೀನಿ ಕಣ್ರೋ ಅಂದೆ. ‘ಹೇಳಿ ಅಜ್ಜಿ, ಆದ್ರೆ ಗುಟ್ಟಿನ ಮಾತು ಹೇಳಬೇಡಿ, ಇನ್ನೂ ಅದೇ ಇದೆ’ ಅಂದ. ಹೇಳಿಲ್ಲಪ್ಪ, ಕೇಳಿಸಿಕೊಂಡೆಯಲ್ಲ.

ನಮಸ್ಕಾರ.