ಬೀರುವಿನ ಕೀ ಯಾರ ಹತ್ತಿರ?

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನ ಸಿಸ್ಟರ್‌ಗಳಿಗೆ ಕೇಳಿಸುತ್ತಿದೆ ತಾನೆ? ಸರಿ.

‘ತುರ್ತು ಪರಿಸ್ಥಿತಿಯಲ್ಲಿ ನಿಯಂತ್ರಿತ ಔಷಧಿಗಳ ಲಭ್ಯತೆ’ ಅಂತ ಕಾರ್ಡಿನಲ್ಲಿ ಹಾಕಿದ್ದಾರೆ. ಓದಿ ನನಗೇ ನಿದ್ದೆ ಬಂತು. ವಿಷಯ ಇಷ್ಟೇ. ಎಲ್ಲೋ ಭೂಕಂಪ ಆಗಿದೆ, ಕಾಲು ಜಜ್ಜಿಹೋದವನು ಕಿರುಚುತ್ತಿದ್ದಾನೆ, ಅವನಿಗೆ ಕೊಡಬೇಕಾದ ನೋವಿನ ಔಷಧಿ ಮಾರ್ಫಿನ್ ಬೇರೆ ದೇಶದ ಗೋದಾಮಿನಲ್ಲಿ ಒಂದು ಸಹಿಗಾಗಿ ಕಾಯುತ್ತಾ ಕೂತಿದೆ.

ಮೊದಲು ನನ್ನ ಬೀರುವಿನ ಕಥೆ ಹೇಳಿಬಿಡುತ್ತೇನೆ. ಕೆಲವರು ಆಗಲೇ ಕೇಳಿದ್ದೀರಿ, ಇನ್ನೊಂದು ಸಲ ಸಹಿಸಿಕೊಳ್ಳಿ. ತೊಂಬತ್ತರ ದಶಕ, ನಾನು ಫಾರ್ಮಸಿಸ್ಟ್ ಆಗಿ ಹೊಸದಾಗಿ ಸೇರಿದ್ದೆ. ಆಸ್ಪತ್ರೆ ಹೆಸರು ಬೇಡ. ಸ್ಟೋರ್ಸ್ ಮೂಲೆಯಲ್ಲಿ ಮಾರ್ಫಿನ್ ಇಡುವ ಒಂದು ಕಬ್ಬಿಣದ ಬೀರು, ಅದಕ್ಕೆ ಎರಡು ಬೀಗ. ಒಂದು ಕೀ ನನ್ನ ಹತ್ತಿರ, ಇನ್ನೊಂದು ನಮ್ಮ ಸಾಹೇಬರ ಹತ್ತಿರ. ಅವರು ಅದನ್ನು ಉಡುದಾರಕ್ಕೆ ಕಟ್ಟಿಕೊಂಡಿರುತ್ತಿದ್ದರು, ಸುಳ್ಳಲ್ಲ. ಪುಣ್ಯಾತ್ಮರು, ಒಂದು ಆಂಪೂಲ್, ಅಂದರೆ ಇಂಜೆಕ್ಷನ್ನಿನ ಪುಟ್ಟ ಗಾಜಿನ ಸೀಸೆ, ಲೆಕ್ಕ ತಪ್ಪಿದ್ದಿಲ್ಲ. ಒಡೆದ ಖಾಲಿ ಆಂಪೂಲನ್ನೂ ಎಣಿಸಿ, ಹತ್ತಿ ಸುತ್ತಿ ಡಬ್ಬಿಗೆ ಹಾಕುತ್ತಿದ್ದರು.

ಒಂದು ರಾತ್ರಿ ಬಸ್ಸು ಪಲ್ಟಿ ಆಗಿ ಹನ್ನೊಂದು ಜನರನ್ನು ತಂದರು. ಅವರಲ್ಲಿ ಒಬ್ಬ ಹುಡುಗನಿಗೆ ತೊಡೆ ಮೂಳೆ ಮುರಿದಿತ್ತು. ಸಾಹೇಬರು ತಂಗಿ ಮಗಳ ಮದುವೆಗೆ ಅರಸೀಕೆರೆಗೆ ಹೋಗಿದ್ದಾರೆ, ಕೀ ಅವರ ಸೊಂಟದಲ್ಲಿ. ಮೊಬೈಲ್ ಇಲ್ಲದ ಕಾಲ. ಅಟೆಂಡರ್ ಸ್ಕೂಟರ್ ಹತ್ತಿ ಹೊರಟ. ಬೀಗ ಒಡೆಯೋಣ ಅಂದರೆ ಯಾರಿಗೂ ಧೈರ್ಯ ಇಲ್ಲ. ಮಾದಕ ವಸ್ತುಗಳ ಮೇಲಿನ ಆಗಿನ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಸಿಕ್ಕಿಬಿದ್ದರೆ ಸಾಮಾನ್ಯವಾಗಿ ಶಿಕ್ಷೆ ಶುರುವಾಗುತ್ತಿದ್ದದ್ದೇ 10 ವರ್ಷದಿಂದ. ಕೀ ಬಂದಾಗ ಬೆಳಗಿನ ಜಾವ ನಾಲ್ಕು ಗಂಟೆ. ಹುಡುಗ ಬೆಡ್‌ಶೀಟಿನ ಅಂಚನ್ನು ಬಾಯಿಗೆ ತುರುಕಿಕೊಂಡು ಕಚ್ಚುತ್ತಿದ್ದ. ಔಷಧಿ ಇದ್ದದ್ದು ಅವನಿಂದ ಮೂವತ್ತು ಹೆಜ್ಜೆ ದೂರದಲ್ಲಿ.

ಪ್ರಪಂಚದ ಮಟ್ಟದಲ್ಲೂ ಇದೇ ಬೀರು, ಸ್ವಲ್ಪ ದೊಡ್ಡದು ಅಷ್ಟೆ. ಮಾದಕ ಔಷಧಿಗಳ ಮೇಲೆ ವಿಶ್ವಸಂಸ್ಥೆಯ ಎರಡು ಒಪ್ಪಂದ ಇವೆ. 1961ರ ಒಪ್ಪಂದದಲ್ಲಿ ಮಾರ್ಫಿನ್, ಫೆಂಟನಿಲ್ ತರಹದ ನೋವಿನ ಔಷಧಿ ಬರುತ್ತವೆ. 1971ರದ್ದರಲ್ಲಿ ಡಯಾಜೆಪಾಮ್, ಮಿಡಜೋಲಾಮ್ ತರಹದ ನಿದ್ದೆ ಬರಿಸುವ ಔಷಧಿಗಳು. ಮಾರ್ಫಿನ್ ಗಡಿ ದಾಟಬೇಕಾದರೆ ತರಿಸಿಕೊಳ್ಳುವ ದೇಶ ಆಮದು ಪತ್ರ ಕೊಡಬೇಕು, ಅದನ್ನು ನೋಡಿ ಕಳಿಸುವ ದೇಶ ರಫ್ತು ಅನುಮತಿ ಕೊಡಬೇಕು. ಎರಡು ಕೀ! ಮೇಲೆ ಲೆಕ್ಕ ನೋಡಿಕೊಳ್ಳಲು ವಿಯೆನ್ನಾದಲ್ಲಿ ಐಎನ್‌ಸಿಬಿ, ಅಂದರೆ ಅಂತರರಾಷ್ಟ್ರೀಯ ಮಾದಕ ವಸ್ತು ನಿಯಂತ್ರಣ ಮಂಡಳಿ ಅಂತ 13 ಸದಸ್ಯರ ಮಂಡಳಿ. ಮಾಮೂಲಿ ದಿನಗಳಲ್ಲಿ ಇದು ಸರಿ. ಆದರೆ ಆಮದು ಪತ್ರ ಕೊಡಬೇಕಾದ ಕಚೇರಿಯೇ ಕುಸಿದು ಬಿದ್ದಿದ್ದರೆ? ಸಹಿ ಹಾಕುವ ಅಧಿಕಾರಿ ತನ್ನ ಮನೆಯವರನ್ನೇ ಹುಡುಕುತ್ತಾ ಅಲೆಯುತ್ತಿದ್ದರೆ?

ತಮಾಷೆ ಅಂದರೆ ಇದಕ್ಕೆ ಡೂಪ್ಲಿಕೇಟ್ ಕೀ ಆಗಲೇ ಇದೆ. 1996ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ, ಐಎನ್‌ಸಿಬಿ ಜೊತೆ ಸೇರಿ ಮಾದರಿ ನಿಯಮ ಮಾಡಿತು. ತುರ್ತಿನಲ್ಲಿ ನಂಬಿಕಸ್ಥ ಪರಿಹಾರ ಸಂಸ್ಥೆ ಕೇಳಿದರೆ ಸಾಕು, ಆಮದು ಪತ್ರಕ್ಕೆ ಕಾಯದೆ ರಫ್ತು ಮಾಡುವ ದೇಶ ಕಳಿಸಬಹುದು. ಆ ಔಷಧಿ ಕಳಿಸಿದ ದೇಶದಲ್ಲೇ ಖರ್ಚಾಯಿತು ಅಂತ ಲೆಕ್ಕ. ಇದ್ದೂ ಏನು ಬಂತು? 2013ರಲ್ಲಿ ಫಿಲಿಪ್ಪೀನ್ಸ್‌ಗೆ ಹೈಯಾನ್ ಚಂಡಮಾರುತ ಬಡಿದಾಗ ಐಎನ್‌ಸಿಬಿ ‘ಇಂಥ ನಿಯಮ ಇದೆ, ನೆನಪಿರಲಿ’ ಅಂತ ದೇಶಗಳಿಗೆ ಹೇಳಬೇಕಾಯಿತು. 2020ರಲ್ಲಿ ಕೋವಿಡ್ ಬಂದಾಗ ಮತ್ತೆ ಅದೇ ಮಾತು. ನಿಮಗೇ ಗೊತ್ತಲ್ಲ, ವೆಂಟಿಲೇಟರ್ ಇದ್ದರೂ ರೋಗಿಯನ್ನು ಮಲಗಿಸಿಡಲು ಮಿಡಜೋಲಾಮ್‌ಗೆ ಪರದಾಟ.

ಇನ್ನೊಂದು ಮಜಾ ಕೇಳಿ. ಅದೇ 1961ರ ಒಪ್ಪಂದದ 32ನೇ ವಿಧಿ ಪ್ರಕಾರ ಹಡಗು, ವಿಮಾನದ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಇಂಥ ಔಷಧಿ ಇದ್ದರೆ ಅದು ಆಮದೂ ಅಲ್ಲ, ರಫ್ತೂ ಅಲ್ಲ. ಹಡಗಿನ ನಾವಿಕನಿಗೆ ಇರುವ ಅನುಕೂಲ ದಡದ ಮೇಲೆ ಕಾಲು ಮುರಿದುಕೊಂಡವನಿಗೆ ಇಲ್ಲ.

ಬೀಗ ಬೇಡ ಅಂತ ನಾನು ಹೇಳುತ್ತಿಲ್ಲ. ಅಮೆರಿಕಾದಲ್ಲಿ ಇಂಥ ನೋವಿನ ಮಾತ್ರೆಗಳ ಚಟದಿಂದ ಎಷ್ಟು ಮನೆ ಹಾಳಾಯಿತು ಅಂತ ಗೊತ್ತು. ಕೀ ಯಾರ ಹತ್ತಿರ, ಅವರಿಲ್ಲದಿದ್ದರೆ ಯಾರ ಹತ್ತಿರ, ಅದನ್ನು ಭೂಕಂಪಕ್ಕೆ ಮುಂಚೆ ಬರೆದಿಡಿ ಅಂತಿದ್ದೇನೆ ಅಷ್ಟೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಐದು ನಿಮಿಷ ಅಂತೆ. ಹಾಗಾದರೆ ಬೇಗ ಬೇಗ. ಮಾಮೂಲಿ ದಿನದಲ್ಲೇ ಇಲ್ಲದ ಔಷಧಿ ತುರ್ತಿನಲ್ಲಿ ಆಕಾಶದಿಂದ ಉದುರುವುದಿಲ್ಲ. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ನೇಮಿಸಿದ ಆಯೋಗದ 2017ರ ವರದಿ ನೋಡಿ. ಪ್ರಪಂಚದಲ್ಲಿ ವರ್ಷಕ್ಕೆ ಹಂಚಿಕೆಯಾಗುತ್ತಿದ್ದ ಓಪಿಯಾಯ್ಡ್, ಅಂದರೆ ಮಾರ್ಫಿನ್ ಜಾತಿಯ ನೋವಿನ ಔಷಧಿ, ಮಾರ್ಫಿನ್ ಲೆಕ್ಕದಲ್ಲಿ ಹೇಳಿದರೆ 298.5 ಟನ್. ಅದರಲ್ಲಿ ಕಡು ಬಡ ದೇಶಗಳಿಗೆ ಸಿಕ್ಕಿದ್ದು 0.1 ಟನ್. ನೀಮಚ್‌ನಲ್ಲಿ, ಘಾಜೀಪುರದಲ್ಲಿ ಅಫೀಮು ಕಾರ್ಖಾನೆ ಇಟ್ಟುಕೊಂಡ ನಮ್ಮ ದೇಶವೂ ಬೀಗುವ ಹಾಗಿಲ್ಲ. ಎನ್‌ಡಿಪಿಎಸ್ ಕಾಯ್ದೆಗೆ 2014ರ ತಿದ್ದುಪಡಿ ಬಂದು ಲೈಸೆನ್ಸ್ ಸರಳವಾದರೂ ಎಷ್ಟು ತಾಲೂಕು ಆಸ್ಪತ್ರೆಗಳಲ್ಲಿ ಮಾರ್ಫಿನ್ ಮಾತ್ರೆ ಇದೆ? ಕೈ ಎತ್ತಿ ನೋಡೋಣ. ಮೂರು ಕೈ. ಸರಿ ಬಿಡಿ.

ಶಿಬಿರಗಳು, ಮಕ್ಕಳ ಡೋಸು, ಫಿಟ್ಸ್ ರೋಗಿಗಳ ಫಿನೊಬಾರ್ಬಿಟಲ್, ಮೂರೂ ಇವತ್ತು ಆಗಲ್ಲ. ಏನಮ್ಮಾ, ಅರಿವಳಿಕೆ ಔಷಧಿ ಕೆಟಮಿನ್ ಬಗ್ಗೆ ತಾನೆ? ಅದು ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇಲ್ಲ. 2015ರಲ್ಲಿ ಚೀನಾ ಸೇರಿಸೋಣ ಅಂತ ಕೇಳಿತ್ತು, ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಬೇಡ ಅಂದರು. ಕರೆಂಟು, ಆಕ್ಸಿಜನ್ ಸರಿಯಿಲ್ಲದ ಕಡೆ ಆಪರೇಷನ್ ಮಾಡಲು ಎಷ್ಟೋ ಸಲ ಅದೊಂದೇ ದಿಕ್ಕು. ನಮ್ಮಲ್ಲಿ ಮಾತ್ರ ಅದಕ್ಕೆ ನಾವೇ ಬೀಗ ಹಾಕಿಕೊಂಡಿದ್ದೇವೆ. ಆ ಕೀ ಕಥೆ ಇನ್ನೂ ಉದ್ದ, ಕಾಫಿ ಕುಡಿಯುತ್ತಾ ಹೇಳುತ್ತೇನೆ, ಬನ್ನಿ.